ಮಗುವಿನ ಊಟದ ಡಬ್ಬಿ



ಇವತ್ತು ಊಟದ ಡಬ್ಬಿಯ ಬಗ್ಗೆ ಓದೋಣ. ಡಬ್ಬಿ ಕೊಳ್ಳೋದರಲ್ಲಿ ಓದೋದು ಏನಿದೆ ಅಂತೀರಾ? ಇದೆ. ಮೊದಲು ಒಂದು ಸಂಗತಿ ಹೇಳುತ್ತೇವೆ. ಇದು ನಾವು ಕಣ್ಣಾರೆ ಕಂಡದ್ದು.

ಆಗ ನಾವು ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆವು. ಅಲ್ಲಿ ಮಕ್ಕಳು ಮನೆಯಿಂದ ಊಟ ತರುತ್ತಿದ್ದರು. ಒಂದನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಆರು ವರ್ಷ. ಬಹಳ ನಾಚಿಕೆಯ ಮಗು. ಅವಳು ತಂದ ಊಟ ದಿನವೂ ಹಾಗೇ ಮನೆಗೆ ವಾಪಸು ಹೋಗುತ್ತಿತ್ತು. ಮಧ್ಯಾಹ್ನದ ಮೇಲೆ ಅವಳು ಡೆಸ್ಕಿನ ಮೇಲೆ ತಲೆ ಇಟ್ಟು ಮಲಗುತ್ತಿದ್ದಳು.

"ಯಾಕಮ್ಮಾ, ಊಟ ಮಾಡಲಿಲ್ವಾ?" ಎಂದು ಕೇಳಿದರೆ, "ಹಸಿವಿಲ್ಲ ಮಿಸ್" ಅನ್ನುತ್ತಿದ್ದಳು.

ಒಂದು ದಿನ ಅವಳ ತಾಯಿ ಶಾಲೆಗೆ ಬಂದರು.

"ಟೀಚರ್, ಬೆಳಗ್ಗೆ ಐದಕ್ಕೆ ಎದ್ದು ಅಡಿಗೆ ಮಾಡ್ತೀನಿ. ಇವಳು ಒಂದು ತುತ್ತೂ ತಿನ್ನಲ್ಲ. ನಿನ್ನೆ ಸಿಟ್ಟು ಬಂದು ಒಂದು ಏಟು ಕೊಟ್ಟೆ" ಎಂದರು. ಹೇಳುತ್ತಾ ಕಣ್ಣಲ್ಲಿ ನೀರು ಬಂತು.

ಆವತ್ತು ಮಧ್ಯಾಹ್ನ ನಾವು ಆ ಮಗುವಿನ ಪಕ್ಕದಲ್ಲೇ ಕೂತೆವು. ಅವಳು ಡಬ್ಬಿ ತೆಗೆದಳು. ಮುಚ್ಚಳ ಎಳೆದಳು. ಬರಲಿಲ್ಲ. ಎದೆಗೆ ಒತ್ತಿ ಹಿಡಿದು ಎಳೆದಳು. ಬರಲಿಲ್ಲ. ಸುಮ್ಮನೆ ಚೀಲಕ್ಕೆ ಹಾಕಿಬಿಟ್ಟಳು.

ನಾವು ಡಬ್ಬಿ ಇಸಿದುಕೊಂಡೆವು. ನಮ್ಮ ಕೈಗೂ ಅದು ಬೇಗ ಬರಲಿಲ್ಲ. ಕೊನೆಗೆ ಟಪ್ ಅಂತ ತೆರೆಯಿತು. ಒಳಗೆ ಘಮಘಮ ಚಿತ್ರಾನ್ನ! ಮಗು ಅಷ್ಟನ್ನೂ ತಿಂದಳು.

ಮಗುವಿಗೆ ಹಸಿವಿತ್ತು. ಡಬ್ಬಿ ತೆರೆಯಲು ಬರುತ್ತಿರಲಿಲ್ಲ. ಕೇಳಲು ನಾಚಿಕೆ. ಅಷ್ಟೇ.

ಮುಚ್ಚಳ ಯಾಕೆ ಬಿಗಿಯಾಯಿತು?

ತಾಯಿಗೆ ಹೇಳಿದಾಗ ಅವರು ನಂಬಲಿಲ್ಲ. "ಮನೇಲಿ ನಾನು ಸಲೀಸಾಗಿ ತೆಗೀತೀನಲ್ಲ ಟೀಚರ್?" ಎಂದರು. ಅವರು ಹೇಳಿದ್ದೂ ನಿಜ. ಬೆಳಗ್ಗೆ ಸಡಿಲ ಇದ್ದ ಮುಚ್ಚಳ ಮಧ್ಯಾಹ್ನ ಬಿಗಿಯಾಗುತ್ತದೆ. ಹೇಗೆ?

ಬಿಸಿ ಅನ್ನವನ್ನು ಡಬ್ಬಿಗೆ ಹಾಕಿ ಕೂಡಲೇ ಮುಚ್ಚುತ್ತೇವೆ. ಒಳಗೆ ಹಬೆ ತುಂಬಿರುತ್ತದೆ. ಅನ್ನ ಆರಿದ ಹಾಗೆ ಹಬೆ ನೀರಾಗುತ್ತದೆ. ಒಳಗಿನ ಗಾಳಿಯೂ ಕುಗ್ಗುತ್ತದೆ. ಆಗ ಹೊರಗಿನ ಗಾಳಿ ಮುಚ್ಚಳವನ್ನು ಒಳಕ್ಕೆ ಒತ್ತುತ್ತದೆ. ಮುಚ್ಚಳ ಡಬ್ಬಿಗೆ ಕಚ್ಚಿಕೊಳ್ಳುತ್ತದೆ. ರಬ್ಬರ್ ಇರುವ ಮುಚ್ಚಳ ಇನ್ನೂ ಬಿಗಿಯಾಗಿ ಕಚ್ಚುತ್ತದೆ.

ದೊಡ್ಡವರ ಕೈಗೆ ಬಲ ಇದೆ. ಆರು ವರ್ಷದ ಕೈಗೆ ಎಲ್ಲಿಂದ ಬರಬೇಕು?

ಅದಕ್ಕೇ ಮೊದಲ ಮಾತು ಇದು: ಡಬ್ಬಿ ಕೊಳ್ಳುವಾಗ ನಿಮ್ಮ ಕೈಯಿಂದ ತೆಗೆದು ನೋಡಬೇಡಿ. ಮಗುವಿನ ಕೈಯಿಂದ ತೆಗೆಸಿ ನೋಡಿ.

ಡಬ್ಬಿ ಯಾರಿಗೆ ಬೇಕು?

"ಶಾಲೆಯಲ್ಲಿ ಬಿಸಿಯೂಟ ಇದೆಯಲ್ಲ, ಡಬ್ಬಿ ಯಾಕೆ?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಶುರುವಾಯಿತು. ಈಗ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 1ರಿಂದ 10ನೇ ತರಗತಿವರೆಗೆ ಬಿಸಿಯೂಟ ಇದೆ. ನಿಮ್ಮ ಮಗು ಅಲ್ಲಿ ಓದುತ್ತಿದ್ದರೆ ಅಲ್ಲೇ ಊಟ ಮಾಡಲಿ. ಅದು ಮಗುವಿನ ಹಕ್ಕು.

ಆದರೆ ಖಾಸಗಿ ಶಾಲೆಯ ಮಕ್ಕಳು ಡಬ್ಬಿ ಒಯ್ಯುತ್ತಾರೆ. ಪಿ.ಯು. ಕಾಲೇಜಿಗೆ ಹೋಗುವ ಹುಡುಗಿಯರು ಒಯ್ಯುತ್ತಾರೆ. ಶಾಲೆಯ ಪ್ರವಾಸಕ್ಕೂ ಡಬ್ಬಿ ಬೇಕು. ಹೊಲಕ್ಕೆ, ಗಾರ್ಮೆಂಟ್ಸಿಗೆ ಹೋಗುವ ನಾವೂ ಬುತ್ತಿ ಕಟ್ಟಿಕೊಳ್ಳುತ್ತೇವೆ, ಅಲ್ವಾ?

ಯಾವ ಡಬ್ಬಿ ಒಳ್ಳೆಯದು?

ಅಂಗಡಿಯಲ್ಲಿ ಬಗೆ ಬಗೆ ಡಬ್ಬಿ ಇರುತ್ತವೆ. ಬಣ್ಣದ ಡಬ್ಬಿ, ಗೊಂಬೆ ಚಿತ್ರದ ಡಬ್ಬಿ. ಒಂದೊಂದಾಗಿ ನೋಡೋಣ.

ಸ್ಟೀಲ್ ಡಬ್ಬಿ: ಇದು ಎಲ್ಲಕ್ಕಿಂತ ಅನುಕೂಲ. ಬಿದ್ದರೆ ಒಡೆಯುವುದಿಲ್ಲ. ಹುಳಿ, ಉಪ್ಪು, ಬಿಸಿ ಎಲ್ಲವನ್ನೂ ತಾಳುತ್ತದೆ. ತಿಕ್ಕಿ ತೊಳೆದರೆ ಜಿಡ್ಡು, ವಾಸನೆ ಹೋಗುತ್ತದೆ. ಹತ್ತಾರು ವರ್ಷ ಬಾಳುತ್ತದೆ. ಅಕ್ಕನ ಡಬ್ಬಿ ತಂಗಿಗೂ ಆಗುತ್ತದೆ.

ಅಲ್ಯೂಮಿನಿಯಂ ಡಬ್ಬಿ: ಇದು ಹಗುರ. ಬೆಲೆಯೂ ಕಡಿಮೆ. ಆದರೆ ಹುಣಸೆ, ನಿಂಬೆ, ಮೊಸರು, ಉಪ್ಪಿನಕಾಯಿ ಇವು ಅಲ್ಯೂಮಿನಿಯಂ ಅನ್ನು ತಿನ್ನುತ್ತವೆ. ಆ ಅಂಶ ಊಟಕ್ಕೆ ಸೇರುತ್ತದೆ. ನಮ್ಮ ಬುತ್ತಿ ಅಂದರೆ ಚಿತ್ರಾನ್ನ, ಪುಳಿಯೋಗರೆ, ಮೊಸರನ್ನ. ಆದ್ದರಿಂದ ಇದು ಬೇಡ.

ಹಿತ್ತಾಳೆ ಡಬ್ಬಿ: ಅಜ್ಜಿಯ ಕಾಲದ ಡಬ್ಬಿ ಅಟ್ಟದ ಮೇಲೆ ಇರಬಹುದು. ಒಳಗೆ ಕಲಾಯಿ ಹೋಗಿದ್ದರೆ ಅದರಲ್ಲಿ ಹುಳಿ ಪದಾರ್ಥ ಹಾಕಲೇಬಾರದು. ಕಿಲುಬು ಬರುತ್ತದೆ. ಕಿಲುಬು ವಿಷ.

ಪ್ಲಾಸ್ಟಿಕ್ ಡಬ್ಬಿ: ಹಗುರ ನಿಜ. ನೋಡಲು ಚೆಂದ. ಆದರೆ ಅರಿಸಿನದ ಕಲೆ ಹೋಗುವುದಿಲ್ಲ. ಗೀರು ಬಿದ್ದ ಕಡೆ ಜಿಡ್ಡು ಕೂರುತ್ತದೆ. ಬಿಸಿ ಬಿಸಿ ಅಡಿಗೆ ಇದಕ್ಕೆ ಹಾಕಬೇಡಿ. ಹಣ್ಣು, ಕಡಲೆಕಾಯಿ, ಒಣ ತಿಂಡಿ ಹಾಕಬಹುದು. ಬಣ್ಣದ ಡಬ್ಬ, ಔಷಧಿ ಡಬ್ಬ ತೊಳೆದು ಊಟಕ್ಕೆ ಬಳಸಬಾರದು. ಎಷ್ಟು ತೊಳೆದರೂ ಸರಿ, ಬಳಸಬಾರದು.

ಬಿಸಿ ಕಾಯುವ ಡಬ್ಬಿ: ಇದಕ್ಕೆ ಎರಡು ಪದರ ಇರುತ್ತದೆ. ಕುದಿಯುವಷ್ಟು ಬಿಸಿ ಇರುವ ಅಡಿಗೆ ಹಾಕಿದರೆ ಮಾತ್ರ ಇದರಿಂದ ಉಪಯೋಗ. ಉಗುರು ಬೆಚ್ಚಗಿನ ಅಡಿಗೆ ಹಾಕಿ ಮುಚ್ಚಿದರೆ ಅದು ಬೇಗ ಕೆಡುತ್ತದೆ. ಡಬ್ಬಿ ಭಾರ. ಒಳಗಿನ ಬಿಸಿಯಿಂದ ಚಿಕ್ಕ ಮಗುವಿನ ಬಾಯಿ ಸುಡಬಹುದು.

ಎಷ್ಟು ದೊಡ್ಡದು ಬೇಕು?

"ದೊಡ್ಡದೇ ಇರಲಿ, ಮುಂದಕ್ಕೂ ಆಗುತ್ತೆ" ಎಂದು ಬಟ್ಟೆ ಕೊಂಡ ಹಾಗೆ ಡಬ್ಬಿ ಕೊಳ್ಳಬೇಡಿ. ದೊಡ್ಡ ಡಬ್ಬಿಯಲ್ಲಿ ಅರ್ಧ ಊಟ ಅಲುಗಾಡಿ ಮುದ್ದೆಯಾಗುತ್ತದೆ. ತುಂಬಿ ಕಳಿಸಿದರೆ ಮಗು ಉಳಿಸುತ್ತದೆ. ಉಳಿಸಿದ್ದಕ್ಕೆ ಬೈಗುಳ ತಿನ್ನುತ್ತದೆ.

ಹೀಗೆ ಮಾಡಿ. ಮಗು ಮನೆಯಲ್ಲಿ ಒಂದು ಹೊತ್ತಿಗೆ ಎಷ್ಟು ಉಣ್ಣುತ್ತದೆ ನೋಡಿ. ಅಷ್ಟು ಊಟ ಹಿಡಿಯುವ ಬಟ್ಟಲು ಯಾವುದು? ಅದನ್ನು ಅಂಗಡಿಗೆ ಒಯ್ಯಿರಿ. ಅದಕ್ಕಿಂತ ತುಸು ದೊಡ್ಡ ಡಬ್ಬಿ ಕೊಳ್ಳಿ. ರೊಟ್ಟಿ, ಚಪಾತಿ ಕಳಿಸುವುದಾದರೆ ಅಗಲವಾದ ಡಬ್ಬಿ ಇರಲಿ. ಪಲ್ಯಕ್ಕೆ ಒಳಗೇ ಒಂದು ಚಿಕ್ಕ ಬಟ್ಟಲು ಇದ್ದರೆ ಒಳ್ಳೆಯದು.

ತೂಕವೂ ಮುಖ್ಯ. ಶಾಲಾ ಚೀಲದ ತೂಕಕ್ಕೆ ನಮ್ಮ ರಾಜ್ಯದಲ್ಲಿ 2019ರಲ್ಲಿ ಸರ್ಕಾರದ ಆದೇಶ ಆಯಿತು. 1 ಮತ್ತು 2ನೇ ತರಗತಿಯ ಮಗುವಿನ ಚೀಲ 2 ಕಿಲೋ ಮೀರಬಾರದು. 3ರಿಂದ 5ನೇ ತರಗತಿಗೆ 3 ಕಿಲೋ. ಡಬ್ಬಿ, ನೀರಿನ ಬಾಟಲಿ ಎರಡನ್ನೂ ಹೊರುವುದು ಅದೇ ಬೆನ್ನು. ಮೂರು ಅಂತಸ್ತಿನ ಕ್ಯಾರಿಯರ್ ಚಿಕ್ಕ ಮಗುವಿಗೆ ಬೇಡ.

ಓದಿ ಕೊಳ್ಳೋಣ

ಈಗ ನಮಗೆ ಓದಲು ಬರುತ್ತದೆ. ಅಂಕಿ ಗೊತ್ತು. ಹಾಗಿದ್ದ ಮೇಲೆ ಅಂಗಡಿಯವರ ಬಾಯಿಮಾತೇ ಯಾಕೆ? ಡಬ್ಬಿಯನ್ನು ತಿರುಗಿಸಿ ತಳ ನೋಡಿ. ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿ ನೋಡಿ.

1. ಐ.ಎಸ್.ಐ. ಗುರುತು ಇದೆಯೇ? ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಈ ಗುರುತು ಕಡ್ಡಾಯ ಎಂದು ಕೇಂದ್ರ ಸರ್ಕಾರ 2024ರಲ್ಲಿ ಆದೇಶ ಮಾಡಿತು.

2. ಸ್ಟೀಲಿನ ಮೇಲೆ 304 ಎಂದು ಬರೆದಿದೆಯೇ? ಅಥವಾ 202 ಎಂದೇ? 304 ಇದ್ದರೆ ತುಕ್ಕು ಹಿಡಿಯುವುದು ಕಡಿಮೆ. ಬೆಲೆ ಸ್ವಲ್ಪ ಹೆಚ್ಚು.

3. ಪ್ಲಾಸ್ಟಿಕ್ ಆದರೆ ಲೋಟ ಮತ್ತು ಮುಳ್ಳು ಚಮಚದ ಚಿತ್ರ ಇದೆಯೇ? ಇದ್ದರೆ ಅದು ಊಟಕ್ಕೆ ಬಳಸುವ ಪ್ಲಾಸ್ಟಿಕ್ ಎಂದು ಅರ್ಥ. ತಳದಲ್ಲಿ ತ್ರಿಕೋನದ ಒಳಗೆ ಒಂದು ಅಂಕಿ ಇರುತ್ತದೆ. ಡಬ್ಬಿಗೆ 5 ಇರುವುದನ್ನು ಆರಿಸಿ.

4. ಎಂ.ಆರ್.ಪಿ. ಎಷ್ಟು? ಅಂದರೆ ಅದು ಹೆಚ್ಚೆಂದರೆ ಎಷ್ಟಕ್ಕೆ ಮಾರಬಹುದು ಎಂಬ ಬೆಲೆ. ತೆರಿಗೆಯೂ ಅದರಲ್ಲೇ ಸೇರಿದೆ. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಿಲ್ಲ. ಚೌಕಾಸಿ ಮಾಡಿ ಕಡಿಮೆ ಕೊಡಬಹುದು.

ಬಿಲ್ಲು ಕೇಳಿ ಪಡೆಯಿರಿ. ಜೋಪಾನವಾಗಿ ಇಡಿ. ಮೋಸ ಆಯಿತು ಅನ್ನಿಸಿದರೆ 1915ಕ್ಕೆ ಫೋನ್ ಮಾಡಿ. ಅದು ಗ್ರಾಹಕರ ಸಹಾಯವಾಣಿ.

ಮನೆಯಲ್ಲಿ ಎರಡು ಪರೀಕ್ಷೆ

ಮಕ್ಕಳಿಗೆ ಮಾತ್ರ ಪರೀಕ್ಷೆಯೇ? ಡಬ್ಬಿಗೂ ಇರಲಿ.

ಮೊದಲನೆಯದು ನೀರಿನ ಪರೀಕ್ಷೆ. ಡಬ್ಬಿಗೆ ಅರ್ಧ ನೀರು ಹಾಕಿ ಮುಚ್ಚಿ. ಒಣ ಬಟ್ಟೆಯ ಮೇಲೆ ತಲೆಕೆಳಗಾಗಿ ಇಡಿ. ಸ್ವಲ್ಪ ಹೊತ್ತು ಬಿಟ್ಟು ನೋಡಿ. ಬಟ್ಟೆ ಒದ್ದೆಯಾಯಿತೇ? ಹಾಗಾದರೆ ಸಾರು ಸೋರುತ್ತದೆ. ಪುಸ್ತಕ ಹಾಳಾಗುತ್ತದೆ. ಆ ಡಬ್ಬಿಗೆ ಒಣ ಊಟ ಮಾತ್ರ.

ಎರಡನೆಯದು ಭಾನುವಾರದ ಪರೀಕ್ಷೆ. ಭಾನುವಾರ ಬೆಳಗ್ಗೆ ಶಾಲೆಗೆ ತುಂಬುವ ಹಾಗೆಯೇ ಡಬ್ಬಿ ತುಂಬಿ ಮುಚ್ಚಿ. ಮಧ್ಯಾಹ್ನ ಮಗುವಿನ ಕೈಗೆ ಕೊಡಿ. ನೀವು ಸಹಾಯ ಮಾಡಬೇಡಿ. ಮಗು ತಾನೇ ತೆರೆಯಲಿ. ತಾನೇ ಉಣ್ಣಲಿ. ತಾನೇ ಮುಚ್ಚಲಿ. ತೆರೆಯಲು ಬಂದರೆ ಡಬ್ಬಿ ಪಾಸು. ಬರದಿದ್ದರೆ ಫೇಲಾದದ್ದು ಡಬ್ಬಿ, ಮಗು ಅಲ್ಲ.

ಎರಡು ಕಡೆ ಕ್ಲಿಪ್ ಇರುವ ಡಬ್ಬಿ ಚಿಕ್ಕ ಕೈಗೆ ಸುಲಭ. ಕ್ಲಿಪ್ ಎತ್ತಿದರೆ ಮುಚ್ಚಳ ಬರುತ್ತದೆ. ಆದರೆ ಕ್ಲಿಪ್ಪಿನ ಅಂಚು ಬೆರಳಿಗೆ ಕೊಯ್ಯುತ್ತದೆಯೇ ಅಂತ ಸವರಿ ನೋಡಿ.

ತುಂಬುವಾಗ ನೆನಪಿಡಿ

ಡಬ್ಬಿ ಒಳ್ಳೆಯದಿದ್ದರೂ ಊಟ ಕೆಡಬಹುದು. ಬೆಚ್ಚಗೆ, ಒದ್ದೆಯಾಗಿ ಇರುವ ಅನ್ನದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಅವು ಕಣ್ಣಿಗೆ ಕಾಣುವುದಿಲ್ಲ. ಕೆಲವು ಸಲ ವಾಸನೆಯೂ ಬರುವುದಿಲ್ಲ. ವಾಂತಿ, ಭೇದಿ ಆದಾಗಲೇ ಗೊತ್ತಾಗುವುದು.

ಆದ್ದರಿಂದ ಡಬ್ಬಿಗೆ ಬೆಳಗ್ಗೆ ಮಾಡಿದ ಅಡಿಗೆಯನ್ನೇ ಹಾಕಿ. ರಾತ್ರಿಯ ಅನ್ನಕ್ಕೆ ಒಗ್ಗರಣೆ ಹಾಕಿ ಕಳಿಸಬೇಡಿ. ಅನ್ನವನ್ನು ತಟ್ಟೆಯಲ್ಲಿ ಹರಡಿ. ಹಬೆ ಹೋದ ಮೇಲೆ ತುಂಬಿ. ಆಗ ಮುಚ್ಚಳವೂ ಕಚ್ಚುವುದಿಲ್ಲ. ಹಸಿ ಕಾಯಿಚಟ್ನಿ ಬೇಗ ಹಳಸುತ್ತದೆ. ಅದರ ಬದಲು ಚಟ್ನಿಪುಡಿ ಇರಲಿ. ನಿಂಬೆ, ಹುಣಸೆ ಹಾಕಿದ ಅನ್ನ ಸ್ವಲ್ಪ ಹೆಚ್ಚು ಹೊತ್ತು ತಡೆಯುತ್ತದೆ. ಮೊಸರನ್ನಕ್ಕೆ ಕಾಸಿ ಆರಿಸಿದ ಹಾಲು ಹೆಚ್ಚು ಹಾಕಿ, ಮೊಸರು ಒಂದು ಚಮಚ ಹಾಕಿ. ಮಧ್ಯಾಹ್ನದ ಹೊತ್ತಿಗೆ ಹುಳಿಯಾಗದೆ ಹದವಾಗಿ ಇರುತ್ತದೆ.

ರೊಟ್ಟಿಯನ್ನು ಹಳೇ ಪೇಪರಿನಲ್ಲಿ ಸುತ್ತಬೇಡಿ. ಅಚ್ಚಿನ ಶಾಯಿ ಊಟಕ್ಕೆ ಅಂಟುತ್ತದೆ. ಪೇಪರಿನಲ್ಲಿ ತಿಂಡಿ ಕಟ್ಟಿ ಮಾರಬಾರದು ಎಂದು 2018ರ ಆಹಾರ ಪ್ಯಾಕಿಂಗ್ ನಿಯಮವೇ ಹೇಳುತ್ತದೆ. ತೊಳೆದ ಹತ್ತಿ ಬಟ್ಟೆ ಸಾಕು. ಬಾಳೆ ಎಲೆ ಇದ್ದರೆ ಇನ್ನೂ ಚೆನ್ನ.

ಮಗು ಮನೆಗೆ ಬಂದ ಕೂಡಲೇ ಡಬ್ಬಿ ತೊಳೆಯಿರಿ. ಮುಚ್ಚಳದ ರಬ್ಬರ್ ಬಿಚ್ಚಿ ತೊಳೆಯಿರಿ. ಅದರ ಸಂದಿಯಲ್ಲೇ ಕೊಳೆ ಕೂರುವುದು. ಬಿಸಿಲಿಗೆ ಒಣಗಿಸಿ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಲು ಮಗುವಿಗೆ ಕಲಿಸಿ.

ಹೆಸರು ಬರೆಸಿ

ತರಗತಿಯಲ್ಲಿ ಹತ್ತು ಡಬ್ಬಿ ಒಂದೇ ತರ ಇರುತ್ತವೆ. ಅದಲು ಬದಲಾಗುತ್ತವೆ. ಪಾತ್ರೆ ಅಂಗಡಿಯಲ್ಲಿ ಡಬ್ಬಿಯ ಮೇಲೆ ಹೆಸರು ಕೊರೆದು ಕೊಡುತ್ತಾರೆ. ಮಗುವಿನ ಹೆಸರನ್ನು ನೀವೇ ಚೀಟಿಯಲ್ಲಿ ಬರೆದು ಕೊಡಿ. ಕೊರೆದ ಮೇಲೆ ಓದಿ ನೋಡಿ. ಒತ್ತು, ದೀರ್ಘ ತಪ್ಪಿದ್ದರೆ "ಸರಿ ಮಾಡಿ ಕೊಡಿ" ಅನ್ನಿ.

ಆ ಹುಡುಗಿಯ ತಾಯಿ ಏನು ಮಾಡಿದರು ಗೊತ್ತಾ? ಮುಂದಿನ ಸಂತೆಗೆ ಮಗಳನ್ನೂ ಕರೆದುಕೊಂಡು ಹೋದರು. ಮಗಳು ನಾಲ್ಕು ಡಬ್ಬಿ ತೆರೆದು ಮುಚ್ಚಿ ನೋಡಿದಳು. ಐದನೆಯದನ್ನು ಹಿಡಿದು "ಇದು ಬರುತ್ತೆ ಅಮ್ಮಾ" ಅಂದಳು. ಅದನ್ನೇ ಕೊಂಡರು. ಮಾರನೇ ದಿನ ಡಬ್ಬಿ ಖಾಲಿಯಾಗಿ ಮನೆಗೆ ಹೋಯಿತು.

ತಾಯಿ ನಮ್ಮ ಹತ್ತಿರ ಒಂದೇ ಮಾತು ಹೇಳಿದರು. "ಹೊಡೆಯೋಕೆ ಮುಂಚೆ ಒಂದು ಸಲ ಕೇಳಬೇಕಿತ್ತು ಟೀಚರ್."

ನಾವೂ ಅದೇ ಅಂದುಕೊಂಡೆವು. ಅಷ್ಟು ದಿನ ಆ ಮಗು ನಮ್ಮ ಕಣ್ಣ ಮುಂದೆಯೇ ಹಸಿದು ಕೂತಿತ್ತು. ನಾವೂ ಪಕ್ಕದಲ್ಲಿ ಕೂತು ನೋಡಿರಲಿಲ್ಲ.

ನಿಮ್ಮ ಮಗು ಊಟ ವಾಪಸು ತಂದರೆ ಬೈಯಬೇಡಿ. ಹತ್ತಿರ ಕೂರಿಸಿಕೊಂಡು ಕೇಳಿ. ಡಬ್ಬಿಯನ್ನು ಅದರ ಕೈಗೆ ಕೊಟ್ಟು ನೋಡಿ.

ಮಾತಾಡೋಣ, ಬರೆಯೋಣ

1. ಬೆಳಗ್ಗೆ ಸಡಿಲ ಇದ್ದ ಮುಚ್ಚಳ ಮಧ್ಯಾಹ್ನ ಬಿಗಿಯಾಗುವುದು ಯಾಕೆ?
2. ಚಿತ್ರಾನ್ನಕ್ಕೆ ಅಲ್ಯೂಮಿನಿಯಂ ಡಬ್ಬಿ ಯಾಕೆ ಬೇಡ?
3. ನಿಮ್ಮ ಮನೆಯ ಡಬ್ಬಿಯ ತಳದಲ್ಲಿ ಏನು ಬರೆದಿದೆ? ಓದಿ ಹೇಳಿ.
4. ಡಬ್ಬಿಯ ಮೇಲೆ ಹಾಕಿಸಲು ನಿಮ್ಮ ಮಗುವಿನ ಹೆಸರನ್ನು ಇಲ್ಲಿ ಬರೆಯಿರಿ: ....................