ಕಾರಿನ ಎಂಬ್ಲಂ ಕೀಳೋಕೆ ಸ್ಕ್ರೂಡ್ರೈವರ್ ಬೇಡ, ದಾರ ಸಾಕು

ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರಿಗೆ ಹಳೇ ಮಾಲೀಕರು ಡಿಕ್ಕಿ ಮೇಲೆ ಅಂಟಿಸಿದ ಎಂಬ್ಲಂ ಇಷ್ಟ ಆಗದೇ ಇರಬಹುದು. ಹಾಗಂತ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ಜೊತೆಗೆ ಪೇಂಟೂ ಎದ್ದು ಬರುತ್ತೆ. ಮತ್ತೆ ಪೇಂಟ್ ಮಾಡಿಸಿ ಬಣ್ಣ ಹೊಂದದಿದ್ದರೆ, ಮಾರುವಾಗ 'ಗಾಡಿಗೆ ಪೆಟ್ಟು ಬಿದ್ದಿದೆ' ಅಂತ ರೇಟ್ ಇಳಿಸ್ತಾರೆ.

ಇಂಥ ಎಂಬ್ಲಂ ಹಿಂದೆ ಇರೋದು ಎರಡೂ ಕಡೆ ಅಂಟಿರುವ ಫೋಮ್ ಟೇಪ್. ಬಿಸಿ ತಾಗಿದರೆ ಅಂಟು ಮೆತ್ತಗಾಗುತ್ತೆ.

ಮೊದಲು ಧೂಳು ಹೋಗುವಂತೆ ತೊಳೆದು ಒರೆಸಿ. ಹೇರ್ ಡ್ರೈಯರನ್ನು ಒಂದೇ ಕಡೆ ಹಿಡಿಯದೆ, ಒಂದೆರಡು ನಿಮಿಷ ಆಡಿಸುತ್ತಾ ಬಿಸಿ ಮಾಡಿ. ಮೀನಿನ ಗಾಳದ ನೈಲಾನ್ ದಾರವನ್ನು ಎಂಬ್ಲಂ ಹಿಂದೆ ತೂರಿಸಿ, ಗರಗಸದ ಹಾಗೆ ಆಚೆ ಈಚೆ ಎಳೆಯಿರಿ. ಉಳಿದ ಟೇಪನ್ನು ಬೆರಳಲ್ಲಿ ಉಜ್ಜಿ ತೆಗೆಯಿರಿ. ಅಂಟಿನ ಜಿಡ್ಡಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮೆತ್ತನೆ ಬಟ್ಟೆಯಿಂದ ಒರೆಸಿ. ಕೊನೆಗೆ ಕಾರ್ ಶಾಂಪೂ ಹಾಕಿ ತೊಳೆಯಿರಿ. ಥಿನ್ನರ್ ಮಾತ್ರ ಮುಟ್ಟಬೇಡಿ, ಪೇಂಟ್ ಹಾಳಾಗುತ್ತೆ.

ಎರಡು ಎಚ್ಚರಿಕೆ: ಕಂಪನಿಯ ಕೆಲ ಎಂಬ್ಲಂಗಳಿಗೆ ಹಿಂದೆ ಪಿನ್ ಇದ್ದು, ಬಾಡಿಯಲ್ಲಿ ತೂತು ಇರುತ್ತೆ. ದಾರ ಎಲ್ಲಾದರೂ ತಡೆದರೆ ನಿಲ್ಲಿಸಿ, ಗ್ಯಾರೇಜಿನಲ್ಲಿ ತೋರಿಸಿ. ಇನ್ನು ಬಿಸಿಲಿಗೆ ಸುತ್ತಲಿನ ಬಣ್ಣ ಮಾಸಿದ್ದರೆ ಎಂಬ್ಲಂ ಗುರುತು ಕಾಣುತ್ತೆ. ಪಾಲಿಶ್ ಹಾಕಿದರೆ ಕಡಿಮೆಯಾಗುತ್ತೆ, ಪೂರ್ತಿ ಹೋಗದೇ ಇರಬಹುದು.