ಕೊಂಡು ತಂದ ಹಂದಿ ಮತ್ತು ಕೆಮ್ಮು



ಸಂತೆಯಿಂದಲೋ ಫಾರಂನಿಂದಲೋ ತಂದ ಹಂದಿಗಳನ್ನು ಬೇರೆ ಗೂಡಿನಲ್ಲಿ ಇಡಬೇಕೆಂಬುದು ಸಾಕುವವರಿಗೆಲ್ಲ ತಿಳಿದ ಮಾತು. ಆದರೆ ಎಂಟು ದಿನ ಕೆಮ್ಮು ಕೇಳಿಸಲಿಲ್ಲವೆಂದು ಹಳೆಯ ಹಂದಿಗಳ ಜೊತೆ ಬಿಟ್ಟುಬಿಡುವುದನ್ನು ನಾವು ಒಪ್ಪಲಾರೆವು. ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನಿಂದ ಬರುವ ನ್ಯುಮೋನಿಯ ಹೊರಗೆ ಕಾಣಿಸಿಕೊಳ್ಳಲು ಎರಡು ವಾರ, ಕೆಲವೊಮ್ಮೆ ನಾಲ್ಕು ವಾರಕ್ಕೂ ಹೆಚ್ಚು ಹಿಡಿಯುತ್ತದೆ. ಆಗಲೂ ಜ್ವರ ಅಪರೂಪ. ಹಂದಿ ಮೇವು ಬಿಡುವುದಿಲ್ಲ. ಬರಿಯ ಒಣಕೆಮ್ಮು, ತಿಂದದ್ದು ಮೈಗೆ ಹತ್ತದಿರುವುದು, ಇಷ್ಟೇ ಗುರುತು. ಗುಣವಾದಂತೆ ಕಂಡದ್ದು ಕೂಡ ತಿಂಗಳುಗಟ್ಟಲೆ ರೋಗ ಹರಡಬಲ್ಲದು. ಆದ್ದರಿಂದ 30 ದಿನ ಕನಿಷ್ಠ. ಜಾಗವಿದ್ದವರು 60 ದಿನ ಇಟ್ಟರೆ ನಷ್ಟವಿಲ್ಲ.

ಪರೀಕ್ಷೆ ಬೆಳಗಿನ ತಂಪು ಹೊತ್ತಿನಲ್ಲೇ ಆಗಬೇಕು. ಹಂದಿ ಬೆವರಿ ಮೈ ತಣಿಸಿಕೊಳ್ಳಲಾರದು, ಬಿಸಿಲೇರಿದರೆ ಆರೋಗ್ಯವಂತ ಹಂದಿಯೂ ಏದುಸಿರು ಬಿಡುತ್ತದೆ. ಗೂಡಿನ ಹೊರಗೇ ಸದ್ದಿಲ್ಲದೆ ನಿಂತು, ಮಲಗಿರುವಾಗ ಪಕ್ಕೆಯ ಏರಿಳಿತ ಎಣಿಸಿ. ಬೆಳೆದ ಹಂದಿಯದು ನಿಮಿಷಕ್ಕೆ 10ರಿಂದ 20 ಉಸಿರು. ಮರಿಗಳದು ಇನ್ನೂ ಹೆಚ್ಚು. ಮೊದಲ ದಿನದ ಲೆಕ್ಕ ಬರೆದಿಟ್ಟರೆ ಮುಂದೆ ಹೋಲಿಸಲು ಬರುತ್ತದೆ. ಆಮೇಲೆ ಎಲ್ಲವನ್ನೂ ಎಬ್ಬಿಸಿ ಓಡಾಡಿಸಿ. ಅಡಗಿದ ಕೆಮ್ಮು ಹೊರಬೀಳುವುದು ಆಗಲೇ. ಮೂರು ನಿಮಿಷದಲ್ಲಿ ಎಷ್ಟು ಕೆಮ್ಮು, ಎಷ್ಟು ಹಂದಿಗಳದು ಎಂದು ಕ್ಯಾಲೆಂಡರಿನ ಮೇಲೆಯೇ ಗುರುತು ಹಾಕಿದರೂ ಸಾಕು. ಮೇವು ಹಾಕುತ್ತಾ ಕಿವಿಗೊಟ್ಟರೆ ಪ್ರಯೋಜನವಿಲ್ಲ, ಆ ಗದ್ದಲದಲ್ಲಿ ಏನೂ ಕೇಳಿಸದು.

ಗುದದ್ವಾರದ ಉಷ್ಣತೆ ಸಾಮಾನ್ಯವಾಗಿ 102ರಿಂದ 103 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದರೆ ಪಶುವೈದ್ಯರಿಗೆ ತಿಳಿಸಿ. ನಾಯಿಯಂತೆ ಕುಳಿತು ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೂಗು ಬಾಯಲ್ಲಿ ರಕ್ತದ ನೊರೆ ಕಂಡರೆ, ಸಂಜೆಯವರೆಗೆ ಕಾಯಬಾರದು. ಒಂದೆರಡು ದಿನದೊಳಗೆ ಗೂಡಿಗೆ ಗೂಡೇ ಜ್ವರ, ಕೆಮ್ಮಿನಿಂದ ಮಲಗಿದರೆ ಇನ್‌ಫ್ಲುಯೆನ್ಸ ಇರಬಹುದು. ಇದು ಹಂದಿಯಿಂದ ಮನುಷ್ಯನಿಗೂ ಮನುಷ್ಯನಿಂದ ಹಂದಿಗೂ ದಾಟುತ್ತದೆ. ನೆಗಡಿಯಾದ ಆಳನ್ನು ಗೂಡಿಗೆ ಕಳುಹಿಸಬೇಡಿ.

ಪ್ರಯೋಗಾಲಯದ ಪರೀಕ್ಷೆಗೆ ಈಗ ಒಂದು ಸುಲಭ ದಾರಿಯಿದೆ. ಶುದ್ಧ ಹತ್ತಿಯ ಹಗ್ಗವನ್ನು ಹಂದಿಯ ಭುಜದೆತ್ತರಕ್ಕೆ ಅರ್ಧ ಗಂಟೆ ತೂಗಿಬಿಟ್ಟರೆ ಅವು ತಾವಾಗಿ ಬಂದು ಜಗಿಯುತ್ತವೆ. ಹಿಂಡಿ ತೆಗೆದ ಜೊಲ್ಲಿನಲ್ಲಿ ಇನ್‌ಫ್ಲುಯೆನ್ಸದಂಥ ವೈರಸ್ ಪತ್ತೆಯಾಗುತ್ತದೆ. ಮೈಕೋಪ್ಲಾಸ್ಮಾಕ್ಕೆ ಮಾತ್ರ ಇದನ್ನು ಪೂರ್ತಿ ನಂಬಲಾಗದು. ಅದರ ರಕ್ತಪರೀಕ್ಷೆಯೂ ಮೊದಲ ವಾರದಲ್ಲಿ ವ್ಯರ್ಥ. ಪ್ರತಿಕಾಯಗಳು ಮೂಡಲು ವಾರಗಳೇ ಬೇಕು. ಬಿಡುಗಡೆಗೆ ಮುಂಚೆ ಮಾಡಿಸಿ.

ಮಾರಿದವರು ಯಾವ ಇಂಜೆಕ್ಷನ್ ಕೊಟ್ಟಿದ್ದರೆಂದು ಕೊಳ್ಳುವಾಗಲೇ ಕೇಳಿ ಬರೆದುಕೊಳ್ಳಿ. ಆ್ಯಂಟಿಬಯಾಟಿಕ್ ಕೊಟ್ಟ ಹಂದಿಯ ಕೆಮ್ಮು ಕೆಲವು ದಿನ ಅಡಗಿದ್ದು, ಔಷಧದ ಬಲ ಇಳಿದ ಮೇಲೆ ಮತ್ತೆ ಏಳುತ್ತದೆ. ಅಂಥ ಹಂದಿಗೆ ದಿನಗಳ ಲೆಕ್ಕ ಶುರುವಾಗಬೇಕಾದದ್ದು ಅಲ್ಲಿಂದ.