ಏಳು ಅಂಕವೆಂದರೆ ಎಷ್ಟು ಅಪಾಯ?

ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಒಬ್ಬ ರೋಗಿ ಇದ್ದಾರೆ ಎಂದಿಟ್ಟುಕೊಳ್ಳಿ. ಉಸಿರಾಟ ನಿಮಿಷಕ್ಕೆ 23. ರಕ್ತದ ಆಕ್ಸಿಜನ್ ಪರ್ಯಾಪ್ತತೆ ಶೇ. 94. ನಾಡಿಬಡಿತ 112. ಸಂಕೋಚನ ರಕ್ತದೊತ್ತಡ 105. ದೇಹದ ತಾಪ 38.4 ಡಿಗ್ರಿ ಸೆಲ್ಸಿಯಸ್. ಹೊರಗಿನಿಂದ ಆಕ್ಸಿಜನ್ ಕೊಡುತ್ತಿಲ್ಲ. ಪೂರ್ಣ ಎಚ್ಚರವಿದೆ, ಕೇಳಿದ್ದಕ್ಕೆ ಉತ್ತರಿಸುತ್ತಾರೆ. ಇವುಗಳಲ್ಲಿ ಯಾವುದನ್ನು ಬಿಡಿಯಾಗಿ ನೋಡಿದರೂ ಅಷ್ಟೇನೂ ಗಾಬರಿಯಾಗದು. ಆದರೆ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಇಂಥ ರೋಗಿಗೆ ತುರ್ತು ತಂಡವನ್ನೇ ಕರೆಯುತ್ತಾರೆ. ಏಕೆ?

ಅಲ್ಲಿ ಪ್ರತಿ ಅಳತೆಗೂ ಅಂಕವಿದೆ. ಸಹಜ ಮಿತಿಯೊಳಗಿದ್ದರೆ ಸೊನ್ನೆ. ಅದರಿಂದ ದೂರ ಸರಿದಂತೆಲ್ಲ 1, 2, 3. ನಮ್ಮ ರೋಗಿಯ ಉಸಿರಾಟಕ್ಕೆ 2, ಆಕ್ಸಿಜನ್‌ಗೆ 1, ನಾಡಿಗೆ 2, ರಕ್ತದೊತ್ತಡಕ್ಕೆ 1, ತಾಪಕ್ಕೆ 1. ಕೂಡಿದರೆ 7. ಐದು ಅಂಕವಾದರೆ ವೈದ್ಯರು ಬೇಗ ಬಂದು ನೋಡಬೇಕು. ಏಳು ಅಥವಾ ಹೆಚ್ಚಾದರೆ ಅದು ತುರ್ತು ಸ್ಥಿತಿ. ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಸಂಸ್ಥೆ 2012ರಲ್ಲಿ ಹೊರತಂದು 2017ರಲ್ಲಿ ಪರಿಷ್ಕರಿಸಿದ ಈ ಪದ್ಧತಿಗೆ ರಾಷ್ಟ್ರೀಯ ಮುನ್ನೆಚ್ಚರಿಕೆ ಅಂಕ ಎಂದು ಹೆಸರು.

ಇದರ ಹಿಂದಿರುವುದು ಒಂದು ಕಹಿಯಾದ ಅನುಭವ. ಆಸ್ಪತ್ರೆಯೊಳಗೇ ಹೃದಯಸ್ತಂಭನಕ್ಕೆ ಒಳಗಾದ 64 ರೋಗಿಗಳ ದಾಖಲೆಗಳನ್ನು ಅಮೆರಿಕದ ವೈದ್ಯರು ಪರಿಶೀಲಿಸಿ 1990ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಶೇ. 84ರಷ್ಟು ಮಂದಿಯ ಸ್ಥಿತಿ ಹದಗೆಡುತ್ತಿದ್ದ ಸೂಚನೆ ಹಿಂದಿನ ಎಂಟು ಗಂಟೆಗಳಲ್ಲೇ ಕಂಡುಬಂದಿತ್ತು! ಬರೆದದ್ದು ಕಾಗದದಲ್ಲೇ ಉಳಿದಿತ್ತು, ಅಷ್ಟೆ. ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ನ ವೈದ್ಯರು 1997ರಲ್ಲಿ ಐದು ಅಳತೆಗಳ ಸರಳ ಅಂಕಪಟ್ಟಿಯನ್ನು ಮುಂದಿಟ್ಟದ್ದು ಇಂಥ ಸೂಚನೆಗಳು ಕಣ್ತಪ್ಪಬಾರದೆಂದೇ.

ತೀವ್ರ ನಿಗಾ ಘಟಕಗಳಲ್ಲಿ ಈ ಲೆಕ್ಕಾಚಾರ ಇನ್ನೂ ಮೊದಲೇ ಶುರುವಾಗಿತ್ತು. ವಾಷಿಂಗ್ಟನ್ನಿನ ವಿಲಿಯಂ ನಾಸ್ ಮತ್ತು ಸಂಗಡಿಗರು 1981ರಲ್ಲಿ 34 ಅಳತೆಗಳ 'ಅಪಾಚಿ' ಪದ್ಧತಿಯನ್ನು ರೂಪಿಸಿದರು. 1985ರ ಎರಡನೆಯ ಆವೃತ್ತಿಯಲ್ಲಿ ಅಳತೆಗಳನ್ನು 12ಕ್ಕೆ ಇಳಿಸಿ, ವಯಸ್ಸು ಮತ್ತು ಹಳೆಯ ಕಾಯಿಲೆಗಳಿಗೂ ಅಂಕ ಕೊಟ್ಟರು, ಗರಿಷ್ಠ 71. ಅದನ್ನು 13 ಆಸ್ಪತ್ರೆಗಳ 5,815 ದಾಖಲಾತಿಗಳ ಮೇಲೆ ಪರೀಕ್ಷಿಸಿದರು. ಅಂಕವನ್ನು ಸಂಭವನೀಯತೆಯಾಗಿ ಬದಲಿಸುವ ಅವರ ಸಮೀಕರಣದಲ್ಲಿ ಅಂಕದ ಗುಣಾಂಕ 0.146. ಗಣಿತದ ವಿದ್ಯಾರ್ಥಿಗಳು ಇದನ್ನು ಬಿಡಿಸಿ ನೋಡಬಹುದು: ಅಂಕ ಐದರಷ್ಟು ಏರಿದರೆ, ಸಾಯುವ ಮತ್ತು ಬದುಕುವ ಸಾಧ್ಯತೆಗಳ ಅನುಪಾತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಇಂಥ ಸೂತ್ರ ಸರಿಯೆಂದು ತಿಳಿಯುವುದು ಹೇಗೆ? ಎರಡು ಪ್ರಶ್ನೆಗಳನ್ನು ಕೇಳಬೇಕು. ತೀರಿಕೊಂಡ ಒಬ್ಬರನ್ನೂ ಬದುಕಿದ ಒಬ್ಬರನ್ನೂ ಯಾದೃಚ್ಛಿಕವಾಗಿ ಆರಿಸಿದರೆ, ತೀರಿಕೊಂಡವರಿಗೇ ಹೆಚ್ಚು ಅಂಕ ಬಂದಿರುವ ಸಂಭವನೀಯತೆ ಎಷ್ಟು? ಅದು 0.5 ಆದರೆ ನಾಣ್ಯ ಚಿಮ್ಮಿದಂತೆಯೇ. 1 ಆದರೆ ಪರಿಪೂರ್ಣ. ಎರಡನೆಯದು, ಶೇ. 20 ಅಪಾಯವೆಂದು ಹೇಳಿದ ನೂರು ಮಂದಿಯಲ್ಲಿ ನಿಜಕ್ಕೂ ಸುಮಾರು ಇಪ್ಪತ್ತು ಮಂದಿ ಸಾಯುತ್ತಾರೆಯೆ? ಮೊದಲ ಪರೀಕ್ಷೆಯಲ್ಲಿ ಗೆದ್ದ ಸೂತ್ರ ಎರಡನೆಯದರಲ್ಲಿ ಸೋಲುವುದುಂಟು. ಚಿಕಿತ್ಸೆ ಸುಧಾರಿಸಿದಂತೆ ಹಳೆಯ ಸೂತ್ರ ಸಾವುಗಳನ್ನು ಹೆಚ್ಚಾಗಿ ಊಹಿಸತೊಡಗುತ್ತದೆ. ಒಂದು ದೇಶದಲ್ಲಿ ಮಾಡಿದ ಸೂತ್ರ ಇನ್ನೊಂದರಲ್ಲಿ ಹೊಂದದಿರಬಹುದು. ಇಷ್ಟಾಗಿಯೂ, ಇದು ನೂರು ಮಂದಿಯ ಮಾತು. ಎದುರಿಗೆ ಮಲಗಿರುವ ವ್ಯಕ್ತಿ ಆ ಇಪ್ಪತ್ತರಲ್ಲೋ ಎಂಬತ್ತರಲ್ಲೋ ಎಂದು ಯಾವ ಸೂತ್ರವೂ ಹೇಳದು.

ಕಂಪ್ಯೂಟರಿಗೇ ಕಲಿಯಲು ಬಿಟ್ಟರೆ? 1990ರ ದಶಕದಲ್ಲಿ ಅಮೆರಿಕದಲ್ಲಿ ನ್ಯುಮೋನಿಯಾ ರೋಗಿಗಳ ಮೇಲೆ ನಡೆದ ಅಧ್ಯಯನದ ಕಥೆ ಸ್ವಾರಸ್ಯಕರ. ಆಸ್ತಮಾ ಇರುವವರಿಗೆ ಸಾವಿನ ಅಪಾಯ ಕಡಿಮೆ ಎಂಬ ನಿಯಮವನ್ನು ಯಂತ್ರ ಕಲಿತುಬಿಟ್ಟಿತು. ಅಂಕಿಅಂಶದಲ್ಲಿ ಅದು ನಿಜವೇ ಆಗಿತ್ತು! ಆಸ್ತಮಾ ಇದ್ದವರನ್ನು ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದರು, ಆದ್ದರಿಂದಲೇ ಅವರು ಬದುಕುತ್ತಿದ್ದರು. ಯಂತ್ರದ ಮಾತು ಕೇಳಿ ಅವರನ್ನು ಮನೆಗೆ ಕಳಿಸಿದ್ದರೆ ಏನಾಗುತ್ತಿತ್ತೆಂದು ನೀವೇ ಊಹಿಸಿ. ಹೆಚ್ಚು ನಿಖರವಾಗಿದ್ದ ನರಜಾಲ ಮಾದರಿಯೊಳಗೆ ಇಂಥವು ಇನ್ನೆಷ್ಟು ಅಡಗಿವೆಯೋ ತಿಳಿಯದೆಂದು ಸಂಶೋಧಕರು ಅದನ್ನು ಕೈಬಿಟ್ಟರು. ನನ್ನ ದೃಷ್ಟಿಯಲ್ಲಿ ಅದು ಸರಿಯಾದ ತೀರ್ಮಾನ. ತೀರ ಈಚೆಗೂ, ಸೆಪ್ಸಿಸ್ ಎಂಬ ಮಾರಕ ಸೋಂಕುಸ್ಥಿತಿಯನ್ನು ಮುಂಚೆಯೇ ಗುರುತಿಸಲೆಂದು ಅಮೆರಿಕದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಒಂದು ತಂತ್ರಾಂಶವನ್ನು ಮಿಷಿಗನ್ ವಿಶ್ವವಿದ್ಯಾನಿಲಯದವರು ಸ್ವತಂತ್ರವಾಗಿ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೇಲೆ ಹೇಳಿದ ಮೊದಲ ಪರೀಕ್ಷೆಯಲ್ಲಿ ಅದಕ್ಕೆ ಸಿಕ್ಕಿದ್ದು 0.63. ಸೆಪ್ಸಿಸ್ ಆದವರಲ್ಲಿ ಶೇ. 67ರಷ್ಟು ಮಂದಿಯ ವಿಷಯದಲ್ಲಿ ಅದು ಎಚ್ಚರಿಸಲೇ ಇಲ್ಲ.

ಸೂತ್ರ ಎಷ್ಟೇ ಚೆನ್ನಾಗಿದ್ದರೂ ಅಳತೆ ಸರಿಯಿರಬೇಕಲ್ಲ! ತರಗತಿಯಲ್ಲಿ ಹೀಗೆ ಮಾಡಿಸಿ. ಒಬ್ಬ ವಿದ್ಯಾರ್ಥಿಯ ಉಸಿರಾಟವನ್ನು ಮತ್ತೊಬ್ಬರು ಪೂರ್ತಿ ಒಂದು ನಿಮಿಷ ಎಣಿಸಲಿ. ಇನ್ನೊಬ್ಬರು ಹದಿನೈದೇ ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಲಿ. ಎರಡನೆಯ ಕ್ರಮದಲ್ಲಿ ಬರುವ ಉತ್ತರ 16, 20, 24 ಹೀಗೆ ನಾಲ್ಕರ ಗುಣಕವಾಗಿಯೇ ಇರುತ್ತದೆ. ನಮ್ಮ ರೋಗಿಯ ಉಸಿರನ್ನು ಹೀಗೆ ಎಣಿಸಿ ಐದೆಂದು ಕಂಡರೆ ದಾಖಲಾಗುವುದು 20, ಅದಕ್ಕೆ ಸೊನ್ನೆ ಅಂಕ. ಆಗ ಮೊತ್ತ 7ರಿಂದ 5ಕ್ಕೆ ಇಳಿದು, ತುರ್ತು ತಂಡಕ್ಕೆ ಕರೆ ಹೋಗುವುದೇ ಇಲ್ಲ.